ಶಾಂತವಾಗಿ ಕಂಡ ಮಿಡಿತ

ರೋಗದ ಲಕ್ಷಣ ಅಡಗಿದರೆ ರೋಗವೇ ಅಡಗಿತೆಂದು ನಾವು ಸಮಾಧಾನ ತಾಳುತ್ತೇವೆ. ಈ ಸಮಾಧಾನ ಎಷ್ಟು ಅಪಾಯಕಾರಿ ಎಂಬುದನ್ನು ವೈದ್ಯಲೋಕ ಒಮ್ಮೆ ಬಹು ದುಬಾರಿಯಾದ ಬೆಲೆ ತೆತ್ತು ಕಲಿಯಿತು.

ಹೃದಯಾಘಾತದಿಂದ ಬದುಕುಳಿದ ಕೆಲವರಲ್ಲಿ ಹೃದಯವು ಲಯತಪ್ಪಿ, ನಡುನಡುವೆ ಹೆಚ್ಚುವರಿಯಾಗಿ ಮಿಡಿಯುತ್ತದೆ. ಅಂಥವರು ಹಠಾತ್ತನೆ ಸಾಯುವ ಸಂಭವ ಹೆಚ್ಚೆಂದು ವೈದ್ಯರು ಗಮನಿಸಿದ್ದರು. ಹೃದಯದ ಕೆಳಕೋಣೆಗಳು ಹತೋಟಿ ಮೀರಿದ ವೇಗದಲ್ಲಿ ಬಡಿದುಕೊಂಡು, ರಕ್ತವನ್ನು ಹೊರದೂಡಲಾರದೆ ಸೋಲುವುದೇ ಆ ಸಾವಿನ ಸಾಮಾನ್ಯ ಕಾರಣ. ಹೆಚ್ಚುವರಿ ಮಿಡಿತಗಳನ್ನು ಔಷಧಿಯಿಂದ ಅಡಗಿಸಿದರೆ ಸಾವನ್ನೂ ತಡೆಯಬಹುದೆಂಬ ತರ್ಕ ಎಲ್ಲರಿಗೂ ಸಹಜವೆನಿಸಿತು. ಔಷಧಿಗಳು ಬಳಕೆಗೂ ಬಂದವು.

ಈ ತರ್ಕವನ್ನು ಒರೆಗೆ ಹಚ್ಚಲು 1987ರಲ್ಲಿ ಅಮೆರಿಕದಲ್ಲಿ ‘ಕಾಸ್ಟ್’ ಎಂಬ ಅಧ್ಯಯನ ಆರಂಭವಾಯಿತು. ಔಷಧಿಯಿಂದ ಮಿಡಿತ ಹತೋಟಿಗೆ ಬಂದಿದ್ದ ರೋಗಿಗಳಲ್ಲಿ ಕೆಲವರಿಗೆ ಅದೇ ಔಷಧಿ, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದೆಂದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ಹುಸಿಮಾತ್ರೆ ಕೊಡುವುದೇ ಅಧರ್ಮವೆಂದು ಕೆಲವು ವೈದ್ಯರು ಭಾವಿಸಿದ್ದರು. ಆದರೆ 1989ರಲ್ಲಿ ಎನ್‌ಕೈನೈಡ್ ಮತ್ತು ಫ್ಲೆಕೈನೈಡ್ ಔಷಧಿಗಳ ಪರೀಕ್ಷೆಯನ್ನು ಅರ್ಧದಲ್ಲೇ ನಿಲ್ಲಿಸಬೇಕಾಯಿತು. 1991ರಲ್ಲಿ ಪ್ರಕಟವಾದ ವರದಿಯಂತೆ, ಇವನ್ನು ಸೇವಿಸಿದ 755 ಮಂದಿಯಲ್ಲಿ 63 ಜನ ಸತ್ತಿದ್ದರು. ಹುಸಿಮಾತ್ರೆ ಪಡೆದ 743 ಮಂದಿಯಲ್ಲಿ ಸತ್ತವರು 26. ಮಿಡಿತವನ್ನು ಶಾಂತಗೊಳಿಸಿದ ಔಷಧಿಯೇ, ಗಾಸಿಗೊಂಡ ಹೃದಯದಲ್ಲಿ ಮಾರಕ ವೇಗಕ್ಕೆ ದಾರಿ ತೆರೆದಿತ್ತು.

ರೋಗಿಗಳನ್ನು ಸಂದರ್ಶಿಸುವಾಗ, “ಫಾದರ್, ಹೊಸ ಔಷಧಿಯ ಪರೀಕ್ಷೆಗೆ ಸಹಿ ಹಾಕಿ ಎನ್ನುತ್ತಾರೆ. ನಾನೇನು ಪ್ರಯೋಗದ ಇಲಿಯೇ?” ಎಂದು ಕೇಳಿದವರುಂಟು. ಅವರ ಪರವಾಗಿ ನಿರ್ಧರಿಸುವ ಅಧಿಕಾರ ನನಗಿಲ್ಲ. ಆದರೆ ಕೇಳಬೇಕಾದ ಪ್ರಶ್ನೆಗಳನ್ನು ನೆನಪಿಸುತ್ತೇನೆ: ಈ ಪರೀಕ್ಷೆಯಿಂದ ಏನನ್ನು ಅರಿಯಬಯಸುತ್ತೀರಿ? ನಡುವೆ ನಾನು ಹೊರಬರಬಹುದೇ? ಹಾನಿ ಕಂಡರೆ ನಿಲ್ಲಿಸುವವರು ಯಾರು? ಅಂದು ಸಾವುಗಳನ್ನು ಲೆಕ್ಕವಿಡುವ ಸ್ವತಂತ್ರ ಸಮಿತಿಯೊಂದು ಎಚ್ಚರವಾಗಿದ್ದುದರಿಂದಲೇ ಸತ್ಯ ಹೊರಬಂತು.

ಇನ್ನೊಂದನ್ನೂ ಹೇಳುತ್ತೇನೆ. ಪರೀಕ್ಷೆಯೇ ನಡೆಯದಿದ್ದರೆ ಆ ಸಾವುಗಳು ಹೃದ್ರೋಗದ ಲೆಕ್ಕಕ್ಕೆ ಸೇರಿ, ಔಷಧಿ ಗೌರವದಿಂದ ಮುಂದುವರಿಯುತ್ತಿತ್ತು. ಫ್ಲೆಕೈನೈಡ್ ಇಂದಿಗೂ ಬೇರೆ ಕೆಲವು ರೋಗಿಗಳಿಗೆ ಉಪಯುಕ್ತ. ಹೃದಯಾಘಾತವಾದವರಿಗೆ ಮಾತ್ರ ಅದನ್ನು ಕೊಡಬಾರದೆಂಬುದು ಈಗ ವೈದ್ಯರ ನಿಯಮ. ತಮ್ಮ ಕೈಯಲ್ಲಿರುವುದು ಯಾವ ಮಾತ್ರೆಯೆಂದು ಅರಿಯದೆಯೇ ನುಂಗಿದ ಆ ರೋಗಿಗಳು, ತಾವೆಂದೂ ಕಾಣದ ಜನರ ಪ್ರಾಣ ಕಾಯುತ್ತಿದ್ದಾರೆ. ಅವರ ಹೆಸರು ನಮಗೆ ತಿಳಿಯದಿದ್ದರೂ ಋಣ ಮಾತ್ರ ನಮ್ಮದೇ.