ಬುಕಾರೆಸ್ಟಿನ ಮುದ್ದೆ

ಹೊರನಾಡಿನ ಪಟ್ಟಣದಲ್ಲಿ ಅಲ್ಲಿಯವರ ಊಟವನ್ನೇ ಉಣ್ಣಬೇಕೆಂದು ಹೊರಟವನಿಗೆ ಮೊದಲು ಎದುರಾಗುವುದು ಪ್ರವಾಸಿಗಳಿಗೆಂದೇ ಸಿಂಗರಿಸಿಟ್ಟ ಊಟ. ರುಮೇನಿಯದ ರಾಜಧಾನಿಯಾದ ಬುಕಾರೆಸ್ಟೂ ಈ ಮಾತಿಗೆ ಹೊರತಲ್ಲ. ಹೊಸಬನನ್ನು ಎಲ್ಲರೂ ಕೈತೋರಿಸಿ ಕಳುಹಿಸುವುದು ಲಿಪ್‌ಸ್ಕಾನಿ ಎಂಬ ಹಳೆಯ ಪೇಟೆಗೆ. 1879ರಲ್ಲಿ ಆರಂಭವಾದ ‘ಕಾರು ಕು ಬೆರೆ’ ಎಂಬ ಪ್ರಸಿದ್ಧ ಭೋಜನಶಾಲೆ ಇರುವುದು ಅಲ್ಲಿಯೇ. ಬಣ್ಣದ ಗಾಜು, ಕೆತ್ತನೆಯ ಮರ, ಚಿತ್ತಾರದ ಕಮಾನುಗಳ ನಡುವೆ ಕುಳಿತವನಿಗೆ ತಾನು ಮೆಚ್ಚಿದ್ದು ಊಟವನ್ನೋ ಕಟ್ಟಡವನ್ನೋ ಎಂಬ ಸಂದೇಹ ಉಳಿದೇ ಉಳಿಯುತ್ತದೆ. ಅಡುಗೆಯಲ್ಲಿ ಲೋಪವಿದೆಯೆಂದಲ್ಲ, ಆದರೆ ಸುತ್ತಲಿನ ಮೇಜುಗಳಲ್ಲಿ ಕುಳಿತವರಲ್ಲಿಯೂ ಅನೇಕರು ಅವನಂತೆಯೇ ಪರದೇಶಿಗಳು!

ಊರವರ ಅಡುಗೆಯ ಗುಟ್ಟು ಬಿಚ್ಚಿಕೊಳ್ಳುವುದು ಓಬೊರ್ ಎಂಬ ದೊಡ್ಡ ಮಾರುಕಟ್ಟೆಯಲ್ಲಿ. ಓಬೊರ್ ಎಂದರೆ ದನದ ದೊಡ್ಡಿ. ಹಿಂದೆ ಅಲ್ಲಿ ದನಗಳ ಸಂತೆ ನೆರೆಯುತ್ತಿದ್ದಿತು. ಶರದೃತು ಬಂದಿತೆಂದರೆ ಅಲ್ಲಿ ಎಲೆಕೋಸಿನ ಗುಡ್ಡಗಳೇ ಏಳುತ್ತವೆ. ಇಡಿಯ ಕೋಸುಗಳನ್ನು ಪೀಪಾಯಿಗಳಲ್ಲಿ ಉಪ್ಪುನೀರಿಗೆ ಹಾಕಿ ಹುಳಿಯೇರಿಸುತ್ತಾರೆ. ಚಳಿಗಾಲದಲ್ಲಿ ಆ ಎಲೆಗಳಲ್ಲಿ ಅಕ್ಕಿ ಬೆರೆಸಿದ ಮಾಂಸವನ್ನು ಸುತ್ತಿ ಬೇಯಿಸಿದರೆ ಅದೇ ‘ಸರ್ಮಾಲೆ’. ನಮ್ಮ ಪತ್ರೊಡೆಯಂತೆ ಇದೂ ಎಲೆಯಲ್ಲಿ ಅಡಗಿದ ರುಚಿ. ಬದನೆಕಾಯಿಯನ್ನು ಉರಿಯಲ್ಲಿ ಸುಟ್ಟು, ಸಿಪ್ಪೆ ಸುಲಿದು, ಕೊಚ್ಚಿ, ಎಣ್ಣೆ ಈರುಳ್ಳಿ ಸೇರಿಸಿ ಮಾಡುವ ವ್ಯಂಜನವಂತೂ ಕನ್ನಡಿಗನಿಗೆ ನೆಂಟರ ಮನೆಯ ಅಡುಗೆಯೇ ಸರಿ. ಸಾರಿಗೆ ಹುಳಿ ಬೇಕೆಂದರೆ ಅಲ್ಲಿ ಹುಣಿಸೆಯಿಲ್ಲ. ಗೋಧಿಯ ತೌಡನ್ನು ನೀರಿನಲ್ಲಿ ನೆನೆಸಿ, ಹಿಂದಿನ ಸಲದ ಗಷ್ಟನ್ನೇ ಹೆಪ್ಪಿನಂತೆ ಬೆರೆಸಿ ಹುಳಿಬರಿಸಿದ ‘ಬೊರ್ಷ್’ ಎಂಬ ತಿಳಿಯನ್ನು ಅದಕ್ಕೆ ಹೊಯ್ಯುತ್ತಾರೆ. ಹಾಗೆ ಹುಳಿಯಾದ ಸಾರು ‘ಚೋರ್ಬ’. ಅದರ ಪಕ್ಕದಲ್ಲಿ ಕಚ್ಚಿಕೊಳ್ಳಲು ಖಾರದ ಮೆಣಸಿನಕಾಯಿಯನ್ನೂ ಇಡುತ್ತಾರೆ.

ಆದರೆ ಆ ನಾಡಿನ ಜೀವಧಾತು ಮಮಲಿಗ. ಕಬ್ಬಿಣದ ಪಾತ್ರೆಯಲ್ಲಿ ಉಪ್ಪುನೀರು ಕುದಿಸಿ, ಮುಸುಕಿನಜೋಳದ ಹಿಟ್ಟು ಸುರಿದು, ಮರದ ಕೋಲಿನಿಂದ ತಿರುವುತ್ತಾರೆ. ಹಳೆಯ ಮೈಸೂರು ಸೀಮೆಯ ಗೃಹಿಣಿ ಆ ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಭಾಷೆಯ ನೆರವಿಲ್ಲದೆಯೇ ಎಲ್ಲವನ್ನೂ ಅರಿತಾಳು. ವ್ಯತ್ಯಾಸ ಬರುವುದು ಮುಂದಿನ ಹಂತದಲ್ಲಿ. ಅವರು ಮುದ್ದೆ ಕಟ್ಟುವುದಿಲ್ಲ. ಮರದ ಹಲಗೆಯ ಮೇಲೆ ಬೋರಲು ಹಾಕಿ, ದಾರವೆಳೆದು ಹೋಳು ಮಾಡುತ್ತಾರೆ. ಕುರಿಯ ಹಾಲಿನ ಗಿಣ್ಣು, ಹುಳಿಕೆನೆ ಅದರ ಸಂಗಾತಿಗಳು. ಅಮೆರಿಕದ ಜೋಳ ಆ ಸೀಮೆಗೆ ಕಾಲಿಟ್ಟದ್ದು 17ನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಅವರು ತಿರುವುತ್ತಿದ್ದುದು ಬರಗಿನ ಹಿಟ್ಟನ್ನು!

ಮಾಂಸವೇ ಪ್ರಧಾನವಾದ ಆ ಊರಿನಲ್ಲಿ ಶಾಕಾಹಾರಿಯು ಉಪವಾಸ ಬೀಳಬೇಕೇ? ಅವನನ್ನು ಕಾಪಾಡುವುದು ಉಪವಾಸವೇ ಎಂಬುದು ಸ್ವಾರಸ್ಯ. ಸಾಂಪ್ರದಾಯಿಕ ಕ್ರೈಸ್ತರಾದ ಅಲ್ಲಿನ ಬಹುಜನರಿಗೆ ಬುಧವಾರ, ಶುಕ್ರವಾರ ಮತ್ತು ಈಸ್ಟರ್, ಕ್ರಿಸ್‌ಮಸ್‌ಗಳಿಗೆ ಮುಂಚಿನ ವಾರಗಳು ವ್ರತದ ದಿನಗಳು. ಮಾಂಸ, ಹಾಲು, ಮೊಟ್ಟೆ ಮೂರೂ ವರ್ಜ್ಯ. ‘ದೆ ಪೋಸ್ತ್’, ಅಂದರೆ ವ್ರತದ ಅಡುಗೆ, ಎಂಬ ಎರಡು ಪದಗಳನ್ನು ನುಡಿದರೆ ಅಣಬೆ ತುಂಬಿದ ಸರ್ಮಾಲೆ, ಅರೆದ ಹುರುಳಿಕಾಯಿ ಬೀಜದ ಮೇಲೆ ಹುರಿದ ಈರುಳ್ಳಿ ಹರಡಿದ ತಟ್ಟೆ ಮುಂದೆ ಬರುತ್ತವೆ. ಕೆಲವು ವಿಶೇಷ ದಿನಗಳಲ್ಲಿ ಮೀನಿಗೆ ಅಪ್ಪಣೆಯುಂಟು. ಅದೊಂದನ್ನು ಮಾತ್ರ ಕೇಳಿ ತಿಳಿದುಕೊಳ್ಳುವುದು ಕ್ಷೇಮ.

ವ್ರತವಿಲ್ಲದೆಯೂ ಆ ಜನ ಉಪವಾಸವಿದ್ದ ಕಾಲವೊಂದಿತ್ತು. 1980ರ ದಶಕದಲ್ಲಿ ಚೌಷೆಸ್ಕುವಿನ ಸರ್ಕಾರವು ವಿದೇಶೀ ಸಾಲ ತೀರಿಸುವ ಹಟಕ್ಕೆ ಬಿದ್ದು ನಾಡಿನ ಆಹಾರವನ್ನೆಲ್ಲ ಹೊರಗೆ ಸಾಗಿಸಿತು. ಸರದಿ ಕಂಡಲ್ಲಿ ಮೊದಲು ನಿಲ್ಲುವುದು, ಏನು ಮಾರುತ್ತಾರೆಂದು ಆಮೇಲೆ ಕೇಳುವುದು ರೂಢಿಯಾಯಿತು. ಅಂಗಡಿಗಳಲ್ಲಿ ಉಳಿಯುತ್ತಿದ್ದ ಹಂದಿಯ ಕಾಲುಗಳಿಗೆ ಜನ ಇಟ್ಟ ಹೆಸರು ‘ದೇಶಭಕ್ತರು’: ಹಂದಿಯ ಉಳಿದ ಭಾಗವೆಲ್ಲ ದೇಶ ಬಿಟ್ಟರೂ ಅವು ಬಿಡಲಿಲ್ಲವಲ್ಲ! ಧಾನ್ಯ ಬೆರೆಸಿದ ಕಾಫಿಗೆ ಕುದುರೆಯ ಕೆನೆತವನ್ನು ನೆನಪಿಸುವ ‘ನೆಕೆಜೋಲ್’ ಎಂಬ ಹೆಸರಾಯಿತು. ನಗರದಲ್ಲಿ ಸರ್ಕಾರ ಕಟ್ಟಿಸತೊಡಗಿದ ಗುಮ್ಮಟದ ಬೃಹದ್ ಆಹಾರಭವನಗಳನ್ನು ‘ಹಸಿವಿನ ಸರ್ಕಸ್ಸು’ ಎಂದು ಕರೆದರು. ಹೊಟ್ಟೆ ಬರಿದಾದಾಗಲೂ ನಾಲಗೆಯ ಹಾಸ್ಯ ಬತ್ತಲಿಲ್ಲವೆನ್ನುವುದು ಸೋಜಿಗದ ಸಂಗತಿ.

‘ಮಮಲಿಗ ಸಿಡಿಯುವುದಿಲ್ಲ’ ಎಂಬುದು ಆ ನಾಡಿನ ಹಳೆಯ ನಾಣ್ಣುಡಿ. ಎಷ್ಟು ಕುದಿಸಿದರೂ ತಾಳಿಕೊಳ್ಳುವ ಜನ ತಾವೆಂದು ತಮ್ಮನ್ನೇ ಹಂಗಿಸಿಕೊಳ್ಳುವ ಮಾತದು. 1989ರ ಡಿಸೆಂಬರಿನಲ್ಲಿ ಬುಕಾರೆಸ್ಟಿನ ಬೀದಿಗಳಲ್ಲಿ ಜನ ಮೊರೆದೆದ್ದರು, ಸಾವಿರಕ್ಕೂ ಮಿಕ್ಕಿ ಜನ ದೇಶದಲ್ಲಿ ಪ್ರಾಣ ತೆತ್ತರು, ಆಳ್ವಿಕೆ ಉರುಳಿತು. ಮಮಲಿಗ ಸಿಡಿಯಿತೆಂದು ಅವರೇ ಹೇಳಿಕೊಂಡರು. ಅರ್ಧಕ್ಕೆ ನಿಂತ ಹಸಿವಿನ ಸರ್ಕಸ್ಸೊಂದು 1999ರಲ್ಲಿ ‘ಬುಕಾರೆಸ್ಟ್ ಮಾಲ್’ ಆಗಿ ಬಾಗಿಲು ತೆರೆಯಿತು.

ಓಬೊರಿನಲ್ಲಿ ಇಂದಿಗೂ ಸರದಿ ನಿಲ್ಲುತ್ತದೆ. ಕೊಚ್ಚಿದ ಮಾಂಸಕ್ಕೆ ಬೆಳ್ಳುಳ್ಳಿ ಬೆರೆಸಿ, ಬೆರಳುದ್ದ ಉರುಟಿ, ಕೆಂಡದ ಮೇಲೆ ಸುಡುವ ‘ಮೀಚ್’ಗಾಗಿ ಆ ಸರದಿ. ಶಾಕಾಹಾರಿಗಳು ಹೊಗೆಯನ್ನು ದಾಟಿ ಮುಂದೆ ಸಾಗಬಹುದು. ಉಳಿದವರು ಬ್ರೆಡ್ಡು, ಅರೆದ ಸಾಸಿವೆಯೊಡನೆ ಅದನ್ನು ಬಿಸಿಬಿಸಿಯಾಗಿಯೇ ಮುಗಿಸುತ್ತಾರೆ. ಅಂದು ಹಾಲಿಗೂ ಮಾಂಸಕ್ಕೂ ನಸುಕಿನಲ್ಲೆದ್ದು ನಿಲ್ಲುತ್ತಿದ್ದ ಹುಡುಗರು ನರೆತ ತಲೆಯವರಾಗಿ ಈ ಸಾಲಿನಲ್ಲಿಯೂ ನಿಂತಿರಬಹುದು. ಮುಂದೆ ಏನು ಮಾರುತ್ತಿದ್ದಾರೆಂದು ಈಗ ಯಾರೂ ಯಾರನ್ನೂ ಕೇಳಬೇಕಾಗಿಲ್ಲ.