ಸೂತು ಮತ್ತು ತೂತು

‘ಎಲ್ಲರ ಮನೆ ದೋಸೆಯೂ ತೂತೇ’ ಎಂಬ ಗಾದೆಯನ್ನು ಕಟ್ಟಿದವರು ತೂತಿಗೆ ಸ್ವಲ್ಪ ಅನ್ಯಾಯವನ್ನೇ ಮಾಡಿದ್ದಾರೆ. ತೂತೆಂದರೆ ದೋಷ, ಮುಚ್ಚಿಡತಕ್ಕ ಕುಂದು ಎಂದು ಲೋಕ ತಿಳಿದುಕೊಂಡಿದೆ. ದೋಸೆಗಿಂತ ಜೋಳದ ರೊಟ್ಟಿಗೆ ಹೆಚ್ಚು ಮರ್ಯಾದೆಯಿರುವ ಭೀಮಾತೀರದ ಸೀಮೆಯಲ್ಲಿಯೂ, ಬಡಿಯುವಾಗ ಹರಿದ ರೊಟ್ಟಿ ಬಡಿದ ಕೈಗೇ ಕೆಟ್ಟ ಹೆಸರು ತರುತ್ತದೆ. ಆದರೆ ಮನುಷ್ಯನು ಬೇಕೆಂದೇ, ಹಣ ಕೊಟ್ಟು, ಅಳತೆ ಹಿಡಿದು ಮಾಡಿಸುವ ತೂತುಗಳೂ ಉಂಟು. ಬೆಳಕಿಗಾಗಿ ಮಾಡಿಸುವ ತೂತು ಆ ಜಾತಿಯದು.

ಜೇವರ್ಗಿ, ಅಫಜಲಪುರ, ಆಳಂದಗಳ ಕಡೆಯ ಹಳೆಯ ಮನೆಗಳಿಗೆ ಈ ವಿದ್ಯೆ ಹೊಸದಲ್ಲ. ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಹಗಲಿನ ಬೆಳಕಿಗೆ ಮಾಳಿಗೆಯಲ್ಲಿ ಬೆಳಕಿಂಡಿ, ಇರುಳಿನ ಬೆಳಕಿಗೆ ಗೋಡೆಯಲ್ಲಿ ಮಾಡ. ಮಾಡದೊಳಗೆ ಕುಳಿತ ಹಣತೆಗೆ ಗಾಳಿಯ ಅಂಜಿಕೆಯಿಲ್ಲ; ನಡೆದಾಡುವವರ ಸೆರಗು ತಾಕುವ ಭಯವೂ ಇಲ್ಲ. ದೀಪವನ್ನು ಹುದುಗಿಸಿಟ್ಟು ಬೆಳಕನ್ನು ಮಾತ್ರ ಹೊರಗೆ ಬಿಡುವ ಜಾಣತನ ಅದು. ಆದರೆ ಆ ಜಾಗ ಗೋಡೆ ಏಳುವಾಗಲೇ ಬಿಟ್ಟದ್ದು. ಕಟ್ಟಿದ ಮೇಲೆ ಕೊರೆದದ್ದಲ್ಲ. ಈಗಿನ ಕಾಲದ ತೊಡಕೆಲ್ಲ ಇಲ್ಲಿಂದಲೇ ಆರಂಭವಾಗುತ್ತದೆ. ಈಗ ಮೊದಲು ಕಪಾಟು ಸಿದ್ಧವಾಗುತ್ತದೆ. ದೀಪದ ನೆನಪು ಆಮೇಲೆ ಬರುತ್ತದೆ.

ಹಿಂದೆ ಕಪಾಟಿನೊಳಗೆ ಹ್ಯಾಲೊಜೆನ್ ದೀಪವಿಟ್ಟರೆ ಹಲಗೆಯೇ ಬಿಸಿಯೇರುತ್ತಿತ್ತು. ಎಲ್‌ಇಡಿ ಬಂದ ಮೇಲೆ ಆ ಬಾಧೆ ಬಹುಮಟ್ಟಿಗೆ ತಗ್ಗಿತು. ಬಿಳಿಯ ಎಲ್‌ಇಡಿಗೆ ದಾರಿ ತೆರೆದ ನೀಲಿ ಎಲ್‌ಇಡಿಗಾಗಿ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅದರ ಫಲವಾಗಿ ಇಂದು ಬಿಲ್ಲೆಯಂತಹ ದೀಪವೊಂದು 18 ಮಿಲಿಮೀಟರ್ ದಪ್ಪದ ಪ್ಲೈವುಡ್ ಹಲಗೆಯೊಳಗೇ ಅಡಗಿ ಕೂಡಬಲ್ಲದು.

ಜೇವರ್ಗಿ ತಾಲ್ಲೂಕಿನ ಕೊಳಕೂರದಲ್ಲಿ ಒಂದು ಹೊಸ ಮನೆಯನ್ನು ಊಹಿಸಿಕೊಳ್ಳಬಹುದು. ತೊಗರಿ ಮಾರಿದ ಹಣದಲ್ಲಿ ಯಜಮಾನ ಕಪಾಟು ಮಾಡಿಸಿದ್ದಾನೆ. ಮೇಲೆ ಹೊಳೆಯುವ ಸನ್‌ಮೈಕ ಅಂಟಿಸಿದ್ದಾಗಿದೆ. ಇನ್ನು ಆರು ದೀಪಕ್ಕೆ ಆರು ತೂತು ಬೇಕು. ವಯಸ್ಸಾದ ಬಡಿಗೇರ ಒಂದು ಕಡೆ, ಅವನ ತಂಗಿಯ ಮಗ ಡ್ರಿಲ್ ಯಂತ್ರ ಹಿಡಿದು ಇನ್ನೊಂದು ಕಡೆ. ಯಾವ ಹತಿಯಾರದಿಂದ ಕೊರೆಯಬೇಕೆಂದು ಹುಡುಗ ಚೀಲ ಬಿಚ್ಚುತ್ತಾನೆ. ಮುದುಕ ಯಜಮಾನನ ಕಡೆಗೆ ತಿರುಗುತ್ತಾನೆ: “ಗೌಡ್ರ, ಮೊದಲ ದೀಪ ತರ್ರಿ, ತೂತಿನ ಮಾತು ಆಮ್ಯಾಲ.”

ಈ ಮಾತಿನಲ್ಲಿ ಇಡೀ ಶಾಸ್ತ್ರವೇ ಅಡಗಿದೆ. ಹಲಗೆ ಉದ್ದವಾದರೆ ಕೊಯ್ಯಬಹುದು, ತೂತು ಚಿಕ್ಕದಾದರೆ ಉಜ್ಜಿ ಹಿಗ್ಗಿಸಬಹುದು. ದೊಡ್ಡದಾದ ತೂತನ್ನು ಚಿಕ್ಕದು ಮಾಡುವ ಹತಿಯಾರವನ್ನು ಯಾವ ಕುಲುಮೆಯೂ ಈವರೆಗೆ ಬಡಿದಿಲ್ಲ.

ಅಳತೆಯಲ್ಲಿಯೂ ಒಂದು ಜಗಳವಿದೆ. ಭಾರತದಲ್ಲಿ 1956ರ ಕಾಯಿದೆಯ ಮೇರೆಗೆ 1958ರ ಅಕ್ಟೋಬರಿನಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದರೂ, ಬಡಿಗರ ನಾಲಿಗೆಯ ಮೇಲೆ ಇಂಚು ಮತ್ತು ಸೂತು ಇನ್ನೂ ನೆಲಸಿವೆ. ಎಂಟು ಸೂತಿಗೆ ಒಂದು ಇಂಚು. ಒಂದು ಸೂತೆಂದರೆ ಮೂರು ಮಿಲಿಮೀಟರಿಗಿಂತ ತುಸು ಹೆಚ್ಚು. ದೀಪದ ಡಬ್ಬಿಯ ಮೇಲೆ ತೂತು 55 ಮಿಲಿಮೀಟರ್, ಹೊರಗಿನ ಅಂಚು 65 ಎಂದು ಬರೆದಿದೆಯೆನ್ನಿ. ಎರಡು ಇಂಚು ಒಂದು ಸೂತು ಕೊರೆದರೆ 54 ಆಗುತ್ತದೆ. ದೀಪ ಒಳಗೆ ಇಳಿಯದು. ಎರಡು ಇಂಚು ಎರಡು ಸೂತು 57 ಆಗುತ್ತದೆ. ದೀಪ ಸರಾಗವಾಗಿ ಇಳಿಯುತ್ತದೆ, ಅಂಚು ಸುತ್ತಲೂ ಮುಚ್ಚುತ್ತದೆ. ಎರಡೂವರೆ ಇಂಚಾದರೆ 63.5, ಅಂಚು ನಿಲ್ಲಲು ಸುತ್ತಲೂ ಒಂದು ಮಿಲಿಮೀಟರ್ ಕೂಡ ಉಳಿಯದು. ಸೂತು ತಪ್ಪಿದರೆ ಬೆಳಕಿನ ತೂತು ಬರಿಯ ತೂತಾಗಿಯೇ ಉಳಿಯುತ್ತದೆ.

ಅಳತೆ ನಿಂತ ಮೇಲೆ ಹತಿಯಾರದ ಆಯ್ಕೆ ಕಷ್ಟವಲ್ಲ. ಕಪಾಟಿನ ಬಾಗಿಲಿಗೆ ಒಳತಿರುಗಣಿ ಕೂಡಿಸುವ 35 ಮಿಲಿಮೀಟರಿನ ಬಿಟ್ ಈಗಿನ ಬಡಿಗರ ಚೀಲದಲ್ಲಿ ಇದ್ದೇ ಇರುತ್ತದೆ. ಅಮೆರಿಕದ ಬೆಂಜಮಿನ್ ಫೋರ್ಸ್ಟ್ನರ್ ಎಂಬಾತ 1874ರಲ್ಲಿ ಹಕ್ಕುಪತ್ರ ಪಡೆದ ಬಿಟ್ಟಿನ ವಂಶ ಅದರದು. ತಳ ಸಮವಾದ, ಅಂಚು ನುಣುಪಾದ ಕುಳಿಯನ್ನು ಅದು ತೋಡುತ್ತದೆ. ಹಲಗೆ ದಪ್ಪವಿದ್ದು ದೀಪ ಅರ್ಧಕ್ಕೇ ನಿಲ್ಲಬೇಕಾದರೆ ಇದಕ್ಕೆ ಸಮನಿಲ್ಲ. ಆದರೆ ಅಳತೆ ದೊಡ್ಡದಾದಂತೆ ಅದನ್ನು ಬರಿಗೈಯ ಡ್ರಿಲ್ಲಿನಲ್ಲಿ ಹಿಡಿದು ನಿಲ್ಲಿಸುವುದು ಕಷ್ಟ. ಚೀಲದಲ್ಲಿದೆಯೆಂಬ ಒಂದೇ ಕಾರಣಕ್ಕೆ 35ರ ಬಿಟ್ಟಿನಿಂದ ಕೊರೆದು ಉಳಿದದ್ದನ್ನು ಉಜ್ಜಿ ಹಿಗ್ಗಿಸಹೋದರೆ ತೂತು ಮೊಟ್ಟೆಯ ಆಕಾರಕ್ಕೆ ತಿರುಗುತ್ತದೆ.

ಚಪ್ಪಟೆ ಬಿಟ್ ಅಗ್ಗ. ಹೊರಬೀಳುವಾಗ ಹಲಗೆಯನ್ನು ಚಿಂದಿ ಮಾಡುವುದು ಅದರ ಗುಣ. ತೋಳು ಚಾಚಿ ಸುತ್ತುವ ಸರ್ಕಲ್ ಕಟರ್ ಯಾವ ಅಳತೆಗಾದರೂ ಒಗ್ಗುತ್ತದೆ. ಆದರೆ ಅದು ನೆಲಕ್ಕೂರಿದ ಯಂತ್ರದಲ್ಲಿ ಸಾವಕಾಶವಾಗಿ ತಿರುಗಬೇಕು. ಕೈಯ ಡ್ರಿಲ್ಲಿಗೆ ಸಿಕ್ಕಿಸಿದರೆ ಬೆರಳಿಗೇ ಅಪಾಯ. ಜಿಗ್‌ಸಾ ಚೌಕಕ್ಕೂ ದೊಡ್ಡ ವೃತ್ತಕ್ಕೂ ಒಳ್ಳೆಯದು; ಸಣ್ಣ ವೃತ್ತದಲ್ಲಿ ಅದರ ಅಲಗು ಬಾಗುತ್ತದೆ. ಉಳಿದದ್ದು ಹೋಲ್‌ಸಾ. ಹಲ್ಲಿರುವ ಉಕ್ಕಿನ ಬಟ್ಟಲು, ನಡುವೆ ದಾರಿ ತೋರುವ ಸಣ್ಣ ಬಿಟ್. ಅಳತೆಗೆ ಸರಿಯಾದ ಬಟ್ಟಲು ದೊರೆತರೆ ಆರು ತೂತೂ ಒಂದೇ ತಾಯಿಯ ಮಕ್ಕಳಂತೆ ಬರುತ್ತವೆ.

ಅದನ್ನು ನಡೆಸುವುದಕ್ಕೂ ಒಂದು ರೀತಿಯಿದೆ. ಕಾಣುವ ಮೈಯಿಂದ ಆರಂಭಿಸಬೇಕು. ನಡುವಿನ ಬಿಟ್ಟಿನ ಮೊನೆ ಆಚೆ ಇಣುಕಿದೊಡನೆ ನಿಲ್ಲಿಸಿ, ಆ ಕಡೆಯಿಂದ ಮುಗಿಸಬೇಕು. ಹಿಂದೆ ಬೇಡದ ಹಲಗೆಯೊಂದನ್ನು ಬಿಗಿದರೆ ಇನ್ನೂ ಕ್ಷೇಮ. ಮೊದಲ ತೂತು ಎಂದಿಗೂ ತುಂಡುಹಲಗೆಯ ಮೇಲಾಗಬೇಕು; ಅದರಲ್ಲಿ ದೀಪ ಕೂತ ಮೇಲೆಯೇ ಕಪಾಟಿಗೆ ಕೈಯಿಡಬೇಕು. ತಲೆಯ ಮೇಲಿನ ಹಲಗೆ ಕೊರೆಯುವವನು ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಮರೆಯಬಾರದು.

ಹುಡುಗನಿಗೆ ಇದೆಲ್ಲ ಹೊತ್ತುಗೇಡಿಯಾಗಿ ತೋರಬಹುದು. ಮುದುಕನಿಗೆ ಹಾಗಲ್ಲ. ಅವನ ಹಿರಿಯರು ಸುಗ್ಗಿಯ ಕಣದಲ್ಲಿ ಆಯ ಪಡೆದು ರೈತರಿಗೆ ಕೂರಿಗೆ ಮಾಡಿಕೊಟ್ಟವರು. ಬೀಜ ಸುರಿಯುವ ಬಟ್ಟಲಿನ ತೂತುಗಳಲ್ಲಿ ಒಂದು ಹಿಗ್ಗಿದರೂ ಬೀಜ ಹೆಚ್ಚುಕಡಿಮೆಯಾಗಿ ಬೀಳುತ್ತಿತ್ತು. ಕೆಲವೇ ದಿನಗಳಲ್ಲಿ ಹೊಲದ ಸಾಲೇ ಬಡಿಗನ ತಪ್ಪನ್ನು ಊರಿಗೆ ಸಾರುತ್ತಿತ್ತು. ಕಪಾಟಿನ ತೂತು ಅಷ್ಟು ದೊಡ್ಡ ಸಾಕ್ಷಿ ನುಡಿಯದಿದ್ದರೂ, ಹರಿದ ಸನ್‌ಮೈಕ ದಿನವೂ ಯಜಮಾನನ ಕಣ್ಣಿಗೆ ಬೀಳುತ್ತಲೇ ಇರುತ್ತದೆ. ಆ ಹಲಗೆಯ ಬೆಲೆ ಹುಡುಗನ ಕೂಲಿಯಲ್ಲಿ ಮುರಿದರೂ ಮುರಿಯಬಹುದು. ಹೋದ ಹೆಸರು ಮಾತ್ರ ಬೇಗ ಮರಳದು.

ಹೋಲ್‌ಸಾಗೆ ಇನ್ನೊಂದು ಗುಣವಿದೆ. ಫೋರ್ಸ್ಟ್ನರ್ ಬಿಟ್ ಮರವನ್ನೆಲ್ಲ ಹೊಟ್ಟು ಮಾಡಿ ಚೆಲ್ಲುತ್ತದೆ. ಇದು ಪ್ರತಿ ತೂತಿಗೊಂದು ದುಂಡು ಬಿಲ್ಲೆಯನ್ನು ಹಿಂದಿರುಗಿಸುತ್ತದೆ, ಅದೂ ನಡುವೆ ಅಚ್ಚಿಗೆ ತೂತು ಸಹಿತವಾಗಿ. ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರವಿದ್ದರೆ ಆ ಬಿಲ್ಲೆಗಳು ಕಸಕ್ಕೆ ಹೋಗುವ ಮಾತೇ ಇಲ್ಲ. ಆರು ದೀಪದ ಕಪಾಟೊಂದು ಮೂರು ಬಂಡಿಗೆ ಗಾಲಿ ಒದಗಿಸುತ್ತದೆ. ಮಣ್ಣಿನ ಎತ್ತುಗಳು ಮಾತ್ರ ಮಕ್ಕಳೇ ಮಾಡಿಕೊಳ್ಳಬೇಕು.