ಅತಿಭಾರ

ಧಾನ್ಯದ ವ್ಯಾಪಾರದಲ್ಲಿರುವ ಶ್ರಾವಕರ ನಡುವೆ ಬಹುಕಾಲದಿಂದ ನಡೆದುಬಂದ ಚರ್ಚೆಯೊಂದಿದೆ: ಉಗ್ರಾಣದಲ್ಲಿ ನುಸಿಗೆ ಔಷಧ ಹೊಡೆಯಬಹುದೇ? ತ್ರಸಜೀವಿಗಳ ಘಾತವಾಗುವುದೆಂದು ಕೆಲವರು ಹಿಂಜರಿದರೆ, ಇದು ಗೃಹಸ್ಥನಿಗೆ ತಪ್ಪಿಸಲಾಗದ ಉದ್ಯೋಗೀ ಹಿಂಸೆಯೆಂದು ಕೆಲವರು ಸಮಾಧಾನ ತಂದುಕೊಳ್ಳುತ್ತಾರೆ. ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಆ ಚೀಲವನ್ನು ಬೆನ್ನಿಗೇರಿಸಿಕೊಳ್ಳುವ ಹಮಾಲನೂ ಪಂಚೇಂದ್ರಿಯ ಜೀವಿಯೆಂಬ ಮಾತು ಮಾತ್ರ ಯಾರ ಬಾಯಿಂದಲೂ ಹೊರಡುವುದಿಲ್ಲ.

ದೊಡ್ಡ ಉಗ್ರಾಣಗಳಲ್ಲಿ ಪೇರಿಸಿದ ಚೀಲಗಳ ಮೇಲೆ ಮಾಲಾಥಿಯಾನ್ ದ್ರಾವಣವನ್ನು 15 ದಿನಗಳಿಗೊಮ್ಮೆ, ಡೆಲ್ಟಾಮೆಥ್ರಿನ್ ಆದರೆ 90 ದಿನಗಳಿಗೊಮ್ಮೆ ಸಿಂಪಡಿಸುವುದು ವಾಡಿಕೆ. ವಿಷವು ಸೆಣಬಿನ ನಾರಿನಲ್ಲಿಯೂ ನೆಲದ ಮೇಲೂ ಉಳಿಯುತ್ತದೆ. ಕಾಳಿಗೆ ತಗುಲಿದುದು ಒಳಗಿನ ತಿರುಳಿಗಿಂತ ಹೊರಸಿಪ್ಪೆಯಲ್ಲೇ ಹೆಚ್ಚಾಗಿ ನಿಲ್ಲುತ್ತದೆ; ಕಾಳಿಗೆ ಕಾಳು ಉಜ್ಜಿದಾಗ ಧೂಳಾಗಿ ಏಳುವುದೂ ಆ ಸಿಪ್ಪೆಯೇ. ಆದುದರಿಂದ ತೂಕಕ್ಕೆ ತೂಕ ಹೋಲಿಸಿದರೆ ಧಾನ್ಯಕ್ಕಿಂತ ಧೂಳಿನಲ್ಲಿ ವಿಷಾಂಶ ಅಧಿಕವಾಗಿರಬಲ್ಲದು. ಮಾಲಾಥಿಯಾನ್ ನರಗಳ ವ್ಯಾಪಾರಕ್ಕೆ ಅಗತ್ಯವಾದ ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ತಡೆಯುವ ವಸ್ತು. ಧಾನ್ಯದಲ್ಲಿ ಉಳಿಯಬಹುದಾದ ಅಂಶಕ್ಕೆ ಕಾನೂನು ಮಿತಿ ಗೊತ್ತುಪಡಿಸಿದೆ, ನಿಜ. ಆದರೆ ಅದು ಉಣ್ಣುವವನ ಲೆಕ್ಕ. ಅವನಿಗೆ ತೊಳೆಯುವುದುಂಟು, ಬೇಯಿಸುವುದುಂಟು. ಹೊರುವವನು ಧೂಳನ್ನು ಹಾಗೆಯೇ ಉಸಿರಾಡುತ್ತಾನೆ.

ಅಲ್ಯೂಮಿನಿಯಂ ಫಾಸ್ಫೈಡ್ ಇನ್ನೂ ಉಗ್ರವಾದುದು. 3 ಗ್ರಾಂ ತೂಕದ ಗುಳಿಗೆಯೊಂದು ಗಾಳಿಯ ತೇವದಿಂದ ಸುಮಾರು 1 ಗ್ರಾಂ ಫಾಸ್ಫೀನ್ ಅನಿಲವನ್ನು ಬಿಡುತ್ತದೆ. ಉಳಿದ ಬೂದಿಯಲ್ಲಿಯೂ ಮಾರ್ಪಡದ ವಿಷವಿರಬಹುದು. ಮುಖಕ್ಕೆ ಕಟ್ಟಿದ ಟುವಾಲು ಈ ಅನಿಲವನ್ನು ತಡೆಯಲಾರದು. ಧೂಳು ಹೀರಿದ ಅದೇ ಟುವಾಲಿನಿಂದ ಹಮಾಲನು ಊಟದ ಹೊತ್ತಿಗೆ ಮುಖ ಒರೆಸಿಕೊಳ್ಳುತ್ತಾನೆ. ಸಂಜೆ ಅದು ಮಕ್ಕಳಿರುವ ಮನೆಗೆ ಹೋಗುತ್ತದೆ.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವನ್ನೂ ಎಣಿಸಿದೆ. ಶಕ್ತಿಮೀರಿದ ಹೊರೆಯನ್ನು ಹೇರುವುದೆಂದು ಅದರ ಅರ್ಥ. 50 ಕಿಲೋ ಚೀಲವನ್ನು ಸಲೀಸಾಗಿ ಹೊರುವವನಿಗೆ ಭಾರ ಅತಿಯಾಗಿಲ್ಲವೆಂದು ಧಣಿ ಭಾವಿಸಬಹುದು. ಚೀಲದೊಡನೆ ಆತನ ಮೇಲೇರುವ ಪುಡಿಯನ್ನು ಯಾವ ತಕ್ಕಡಿ ತೂಗಿದೆ? ಕೂಲಿಗೆ ಒಪ್ಪಿಯೇ ಬಂದವನಲ್ಲವೇ ಎಂಬ ವಾದವೂ ನಿಲ್ಲದು. ಚೀಲದ ತೂಕ ಅವನಿಗೆ ಗೊತ್ತು. ಔಷಧ ಹೊಡೆದ ದಿನ ಗೊತ್ತಿಲ್ಲ. ಪ್ರಮಾದದಿಂದಾಗುವ ಪ್ರಾಣಘಾತವೇ ಹಿಂಸೆಯೆಂದ ಉಮಾಸ್ವಾಮಿಗಳ ಲಕ್ಷಣವು ನುಸಿಗಿಂತ ಮೊದಲು ಇಲ್ಲಿಗೆ ಅನ್ವಯಿಸುತ್ತದೆ.

ಸಿಂಪಡಿಸಿದ ದಿನಾಂಕವನ್ನು ಸೀಮೆಸುಣ್ಣದಲ್ಲಿ ರಾಶಿಯ ಮೇಲೆ ಬರೆದಿಡುವುದಕ್ಕೆ ಖರ್ಚಿಲ್ಲ. ಧೂಳು ತಡೆಯುವ ಒಳ್ಳೆಯ ಮುಖಗವಸು, ಸಾಬೂನು, ಸ್ನಾನದ ನೀರು, ಕೆಲಸಕ್ಕೇ ಮೀಸಲಾದ ಬಟ್ಟೆ ಇವುಗಳಿಗೆ ಖರ್ಚುಂಟು. ಮಂಡಿಯ ಲೆಕ್ಕದಲ್ಲಿ ಧರ್ಮಾದಾಯವೆಂಬ ಖಾತೆ ಇರುವುದುಂಟು. ಈ ವೆಚ್ಚ ಆ ಖಾತೆಗೆ ಸೇರತಕ್ಕದ್ದಲ್ಲ. ಚೀಲ, ಹುರಿ, ಔಷಧಗಳ ಸಾಲಿನಲ್ಲಿ ವ್ಯಾಪಾರದ ಖರ್ಚಾಗಿಯೇ ಬರೆಯತಕ್ಕದ್ದು.